ಅರವತ್ತು ಸರ್ವರ್, ಒಂದು ಟೆಂಪ್ಲೇಟ್

ಸರ್ವರ್‌ನ ಡಿಸ್ಕ್ ಒಂದೇ ದಿನದಲ್ಲಿ ತುಂಬಿಹೋಗುವುದು ಅಪರೂಪ. ಲಾಗ್ ಫೈಲ್‌ಗಳು ದಿನಕ್ಕೆ ಒಂದಿಷ್ಟು ಬೆಳೆಯುತ್ತವೆ. ಯಾವಾಗಲೋ ತೆಗೆದಿಟ್ಟ ಬ್ಯಾಕಪ್ ಅಳಿಸುವವರಿಲ್ಲದೆ ಅಲ್ಲೇ ಬಿದ್ದಿರುತ್ತದೆ. ಹೀಗೆ ತಿಂಗಳುಗಟ್ಟಲೆ ನಡೆದು ಒಂದು ರಾತ್ರಿ ಡೇಟಾಬೇಸ್‌ಗೆ ಬರೆಯಲು ಜಾಗ ಸಾಲದೆ ಅದು ನಿಂತುಬಿಡುತ್ತದೆ. ಮರುದಿನ ಬೆಳಿಗ್ಗೆ ಶುಲ್ಕ ಕಟ್ಟಲು ಬಂದ ವಿದ್ಯಾರ್ಥಿಗೂ ಪಹಣಿಗಾಗಿ ಸರದಿಯಲ್ಲಿ ನಿಂತ ರೈತನಿಗೂ ಸಿಗುವ ಉತ್ತರ ಒಂದೇ: ‘ಸರ್ವರ್ ಡೌನ್.’ ಈ ಮಾತನ್ನು ನಾವು ಮಳೆ ಬಂತು ಎಂಬಷ್ಟು ಸಹಜವಾಗಿ ಒಪ್ಪಿಕೊಂಡುಬಿಟ್ಟಿದ್ದೇವೆ. ಮಳೆಯ ಹಾಗಲ್ಲ ಇದು. ಇದಕ್ಕೆ ಕಾರಣ ಇರುತ್ತದೆ, ಬಹಳಷ್ಟು ಸಲ ಆ ಕಾರಣ ವಾರಗಳ ಮೊದಲೇ ಕಣ್ಣಿಗೆ ಬೀಳುವಂಥದ್ದು. ನೋಡುವವರು ಇರಬೇಕು, ಅಷ್ಟೇ.

ಹಗಲೂ ರಾತ್ರಿ ನೋಡುತ್ತ ಕೂರುವ ಆ ಕೆಲಸವನ್ನು ಮಾನಿಟರಿಂಗ್ ತಂತ್ರಾಂಶಗಳು ಮಾಡುತ್ತವೆ. ಅಮೆರಿಕದ ಈಥನ್ ಗಾಲ್‌ಸ್ಟಾಡ್ 1999ರಲ್ಲಿ ನೆಟ್‌ಸೇಂಟ್ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದ, 2002ರಲ್ಲಿ ನಾಗಿಯೋಸ್ ಎಂದು ಹೆಸರು ಬದಲಾಯಿಸಿಕೊಂಡ ತಂತ್ರಾಂಶ ಈ ಪೈಕಿ ಹಳಬರಲ್ಲೊಬ್ಬ. ಲ್ಯಾಟ್ವಿಯಾದ ಅಲೆಕ್ಸೈ ವ್ಲಾದಿಶೆವ್ 2001ರಲ್ಲಿ ಜ್ಯಾಬಿಕ್ಸ್ ಹೊರತಂದರು. ನಾಗಿಯೋಸ್‌ನಿಂದಲೇ ಕವಲೊಡೆದ ಇಸಿಂಗಾ 2009ರಲ್ಲಿ ಬಂತು. ಬರ್ಲಿನ್‌ನ ಸೌಂಡ್‌ಕ್ಲೌಡ್ ಕಂಪನಿಯ ಎಂಜಿನಿಯರುಗಳು 2012ರಲ್ಲಿ ಪ್ರೊಮಿಥಿಯಸ್ ಶುರು ಮಾಡಿದರು. ಇವೆಲ್ಲ ಮುಕ್ತ ತಂತ್ರಾಂಶಗಳು. ಸಣ್ಣದೊಂದು ಕಾಲೇಜು, ತಾಲ್ಲೂಕು ಮಟ್ಟದ ಸಹಕಾರ ಸಂಘ ಕೂಡ ಕಾಸು ಕೊಡದೆ ಇಳಿಸಿಕೊಂಡು ಬಳಸಬಹುದು. ಅಳವಡಿಸುವುದಕ್ಕೆ ಅರ್ಧ ದಿನ ಸಾಕು. ಕಷ್ಟ ಬರುವುದು ಆಮೇಲೆ. ಏನನ್ನು ನೋಡಬೇಕು, ಎಷ್ಟು ಹೊತ್ತಿಗೊಮ್ಮೆ ನೋಡಬೇಕು, ಎಷ್ಟಾದರೆ ಯಾರನ್ನು ಎಬ್ಬಿಸಬೇಕು ಎಂದು ಅದಕ್ಕೆ ಹೇಳಿಕೊಡಬೇಕಲ್ಲ, ಆ ಬರವಣಿಗೆಯಲ್ಲಿ.

ನಾಗಿಯೋಸ್‌ನ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. ಅದರ ಕಾನ್ಫಿಗರೇಷನ್ ಬರೀ ಪಠ್ಯದ ಫೈಲು, ಯಾವ ಎಡಿಟರಿನಲ್ಲಾದರೂ ತೆರೆದು ಓದಬಹುದು. ಒಂದು ಸರ್ವರ್‌ನ ಒಂದು ಚೆಕ್ ಬರೆಯಲು ಸುಮಾರು ಹತ್ತು ಸಾಲು ಬೇಕು. ಯಾವ ಸರ್ವರ್, ಚೆಕ್‌ನ ಹೆಸರೇನು, ಯಾವ ಕಮಾಂಡ್ ಓಡಿಸಬೇಕು, ಎಷ್ಟು ನಿಮಿಷಕ್ಕೊಮ್ಮೆ, ತಪ್ಪು ಕಂಡರೆ ಎಷ್ಟು ನಿಮಿಷ ಬಿಟ್ಟು ಮತ್ತೆ, ಹಾಗೆ ಎಷ್ಟು ಸಲ, ದಿನದ ಯಾವ ಹೊತ್ತಿನಲ್ಲಿ ನೋಡಬೇಕು, ಯಾವ ಹೊತ್ತಿನಲ್ಲಿ ಸುದ್ದಿ ಮುಟ್ಟಿಸಬೇಕು, ಸರಿಹೋಗುವ ತನಕ ಎಷ್ಟು ಹೊತ್ತಿಗೊಮ್ಮೆ ನೆನಪಿಸಬೇಕು, ಯಾರಿಗೆ. ಅರವತ್ತು ಸರ್ವರ್ ಇರುವ ಕಡೆ ಪ್ರತಿಯೊಂದಕ್ಕೂ ಎಂಟು ಚೆಕ್ ಅಂದುಕೊಂಡರೆ 480 ಚೆಕ್, 4,800 ಸಾಲು. ಇಷ್ಟನ್ನು ಕೈಯಾರೆ ಯಾರೂ ಟೈಪ್ ಮಾಡುವುದಿಲ್ಲ. ಮೊದಲ ಸರ್ವರ್‌ನದನ್ನು ಕಾಪಿ ಮಾಡಿ ಐಪಿ ವಿಳಾಸ ಬದಲಿಸಿ ಅಂಟಿಸುತ್ತಾ ಹೋಗುತ್ತಾರೆ. ಆರು ತಿಂಗಳು ಚೆನ್ನಾಗಿಯೇ ನಡೆಯುತ್ತದೆ. ಒಬ್ಬ ಅಡ್ಮಿನ್ ಕೆಲಸ ಬಿಟ್ಟು ಹೋದಾಗ ಅವನ ಹೆಸರನ್ನು 480 ಕಡೆ ಹುಡುಕಿ ತೆಗೆಯಬೇಕಾಗುತ್ತದೆ. 470 ಕಡೆ ತೆಗೆದಿರುತ್ತಾರೆ. ಉಳಿದ ಹತ್ತು ಚೆಕ್‌ಗಳ ಎಚ್ಚರಿಕೆ ಯಾರೂ ನೋಡದ ಇಮೇಲ್ ಪೆಟ್ಟಿಗೆಗೆ ಹೋಗಿ ಬೀಳುತ್ತಿರುತ್ತದೆ.

ಇದಕ್ಕೆ ಪರಿಹಾರವಾಗಿ ನಾಗಿಯೋಸ್‌ನಲ್ಲಿ ಮೊದಲಿಂದಲೂ ಇರುವುದು ಟೆಂಪ್ಲೇಟ್. ಎಲ್ಲ ಚೆಕ್‌ಗಳಿಗೂ ಸಾಮಾನ್ಯವಾದ ಸಾಲುಗಳನ್ನು ಒಂದು ಕಡೆ ಬರೆದು ಅದಕ್ಕೊಂದು ಹೆಸರು ಕೊಟ್ಟು, ಕೊನೆಯಲ್ಲಿ ‘ರಿಜಿಸ್ಟರ್ 0’ ಎಂಬ ಸಾಲು ಸೇರಿಸಬೇಕು. ಇದು ನಿಜವಾದ ಚೆಕ್ ಅಲ್ಲ, ಬೇರೆಯವು ಬಳಸಿಕೊಳ್ಳಲಿಕ್ಕೆ ಇಟ್ಟದ್ದು ಎಂದು ಆ ಸಾಲಿನ ಅರ್ಥ. ಬೇಕಾದ ಕಡೆ ‘ಯೂಸ್’ ಎಂದು ಬರೆದು ಆ ಹೆಸರು ಹಾಕಿದರೆ ಎಲ್ಲ ಸಾಲುಗಳೂ ಅಲ್ಲಿಗೆ ಬಂದು ಕೂರುತ್ತವೆ. ಯಾವುದಾದರೂ ಒಂದು ಬೇರೆ ಬೇಕೆಂದರೆ ಅದನ್ನಷ್ಟೇ ಅಲ್ಲಿ ಬರೆದರಾಯಿತು, ಹತ್ತಿರದಲ್ಲಿ ಬರೆದದ್ದೇ ಗೆಲ್ಲುತ್ತದೆ. ಹತ್ತು ಸಾಲಿನ ಚೆಕ್ ನಾಲ್ಕು ಸಾಲಿಗೆ ಇಳಿಯುತ್ತದೆ. ಕೆಲಸ ಬಿಟ್ಟವನ ಹೆಸರು ಒಂದು ಕಡೆ ತೆಗೆದರೆ ಎಲ್ಲ ಕಡೆಯೂ ಹೋಗುತ್ತದೆ.

ಟೈಪ್ ಮಾಡುವ ಶ್ರಮ ಉಳಿಯಿತು ಎಂದು ಬಹಳ ಜನ ಇಲ್ಲಿಗೇ ನಿಂತುಬಿಡುತ್ತಾರೆ. ನನ್ನ ಪ್ರಕಾರ ಟೆಂಪ್ಲೇಟಿನ ದೊಡ್ಡ ಪ್ರಯೋಜನ ಅದಲ್ಲವೇ ಅಲ್ಲ. ಟೆಂಪ್ಲೇಟಿನಲ್ಲಿರುವ ಒಂದೊಂದು ಸಂಖ್ಯೆಯೂ ಒಂದು ತೀರ್ಮಾನ. ಆ ತೀರ್ಮಾನ ಯಾರದು, ಯಾಕೆ ತೆಗೆದುಕೊಂಡದ್ದು ಎಂದು ಕೇಳಲು ಒಂದು ಜಾಗ ಸಿಗುತ್ತದೆಯಲ್ಲ, ಅದೇ ದೊಡ್ಡದು. 480 ಕಡೆ ಚದುರಿಹೋದ ತೀರ್ಮಾನವನ್ನು ಯಾರೂ ಪ್ರಶ್ನಿಸುವುದಿಲ್ಲ. ಒಂದೇ ಕಡೆ ಕಣ್ಣೆದುರಿಗಿದ್ದರೆ ಪ್ರಶ್ನಿಸದೆ ಇರುವುದು ಕಷ್ಟ.

ನಾಗಿಯೋಸ್ ಜೊತೆಗೇ ಬರುವ ಮಾದರಿ ಫೈಲಿನಲ್ಲಿ ‘ಜೆನೆರಿಕ್ ಸರ್ವೀಸ್’ ಎಂಬ ಟೆಂಪ್ಲೇಟ್ ಇದೆ. ಹತ್ತು ನಿಮಿಷಕ್ಕೊಮ್ಮೆ ನೋಡು, ತೊಂದರೆ ಕಂಡರೆ ಎರಡು ನಿಮಿಷ ಬಿಟ್ಟು ಮತ್ತೆ ನೋಡು, ಒಟ್ಟು ಮೂರು ಸಲ ನೋಡಿಯೂ ಸರಿಯಿಲ್ಲದಿದ್ದರೆ ತಿಳಿಸು ಎಂದು ಅದರಲ್ಲಿದೆ. ಇದರ ಅರ್ಥವನ್ನು ಗಡಿಯಾರದ ಮೇಲೆ ಇಟ್ಟು ನೋಡಿ. ಒಂದು ತಪಾಸಣೆ ಮುಗಿದ ಮರುಕ್ಷಣವೇ ವೆಬ್‌ಸೈಟ್ ನಿಂತಿತೆನ್ನಿ. ಅದು ಗೊತ್ತಾಗಲು ಹತ್ತು ನಿಮಿಷ, ಖಚಿತವಾಗಲು ಇನ್ನೆರಡು ಸಲದ ನಾಲ್ಕು ನಿಮಿಷ, ಒಟ್ಟು 14 ನಿಮಿಷ ಕಳೆದ ಮೇಲೆ ಅಡ್ಮಿನ್ ಫೋನ್ ಸದ್ದು ಮಾಡುತ್ತದೆ. ಅದೇ ಫೈಲಿನ ‘ಲೋಕಲ್ ಸರ್ವೀಸ್’ ಇದನ್ನೇ ಬಳಸಿಕೊಂಡು ಮೂರು ಸಂಖ್ಯೆಗಳನ್ನಷ್ಟೇ ಬದಲಿಸುತ್ತದೆ: ಐದು ನಿಮಿಷಕ್ಕೊಮ್ಮೆ, ಒಂದು ನಿಮಿಷದ ಬಿಡುವು, ನಾಲ್ಕು ಸಲ. ಲೆಕ್ಕ ಹಾಕಿದರೆ ಹೆಚ್ಚೆಂದರೆ ಎಂಟು ನಿಮಿಷ. ಕಾಲೇಜಿನ ಗ್ರಂಥಾಲಯದ ಕ್ಯಾಟಲಾಗಿಗೆ 14 ನಿಮಿಷ ಏನೂ ಅಲ್ಲ. ಪ್ರವೇಶ ಶುಲ್ಕ ಕಟ್ಟುವ ಕೊನೆಯ ದಿನ ಪೇಮೆಂಟ್ ಪುಟಕ್ಕೆ 14 ನಿಮಿಷ ಬಹಳ ದೊಡ್ಡದು. ಎರಡಕ್ಕೂ ಒಂದೇ ಟೆಂಪ್ಲೇಟ್ ಹಾಕಿದ್ದರೆ ಆ ತೀರ್ಮಾನವನ್ನು ತೆಗೆದುಕೊಂಡವರು ನೀವಲ್ಲ, ಮಾದರಿ ಫೈಲು ಬರೆದವರು.

ಅದೇ ಫೈಲಿನಲ್ಲಿ ಇನ್ನೊಂದು ಟೆಂಪ್ಲೇಟ್ ಇದೆ, ‘ಲಿನಕ್ಸ್ ಸರ್ವರ್’ ಎಂದು. ಹೆಸರು ನೋಡಿದ ಕೂಡಲೇ ನಮ್ಮದೂ ಲಿನಕ್ಸ್ ಸರ್ವರೇ ತಾನೇ ಎಂದು ಹಾಗೇ ಬಳಸಿಕೊಳ್ಳುವವರು ಲೆಕ್ಕವಿಲ್ಲದಷ್ಟು. ಅದರೊಳಗೆ ಒಂದು ಸಾಲು: ಸುದ್ದಿ ಮುಟ್ಟಿಸುವ ಅವಧಿ ‘ವರ್ಕ್ ಅವರ್ಸ್’. ಲಿನಕ್ಸ್ ಅಡ್ಮಿನ್‌ಗಳಿಗೆ ರಾತ್ರಿ ಯಾರಾದರೂ ಎಬ್ಬಿಸಿದರೆ ಆಗುವುದಿಲ್ಲ, ಅದಕ್ಕೇ ಹಗಲಿನಲ್ಲಿ ಮಾತ್ರ ತಿಳಿಸುತ್ತೇವೆ ಎಂಬ ಅರ್ಥದ ಟಿಪ್ಪಣಿಯೂ ಪಕ್ಕದಲ್ಲೇ ಇದೆ. ಆ ‘ವರ್ಕ್ ಅವರ್ಸ್’ ಏನೆಂದು ಬೇರೊಂದು ಫೈಲಿನಲ್ಲಿ ಬರೆದಿದೆ: ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 9ರಿಂದ ಸಂಜೆ 5. ಶುಕ್ರವಾರ ಸಂಜೆ ಐದೂಕಾಲಿಗೆ ಸರ್ವರ್ ಪೂರ್ತಿ ಸತ್ತುಹೋದರೆ ಸುದ್ದಿ ಬರುವುದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ. ಆ ನಡುವಿನ ಮೌನ ಹೆಚ್ಚುಕಡಿಮೆ 64 ಗಂಟೆ. ಅಲ್ಲಿರುವ ವೆಬ್‌ಸೈಟಿನ ಚೆಕ್‌ಗೆ 24 ಗಂಟೆಯ ಅವಧಿ ಇದೆಯಲ್ಲ, ಅದಾದರೂ ಕೂಗುತ್ತದೆ ಅನ್ನುತ್ತೀರಾ? ಇಲ್ಲ. ಸರ್ವರೇ ಬಿದ್ದಿದೆ ಎಂದು ಖಚಿತವಾದ ಮೇಲೆ ಅದರ ಮೇಲಿನ ಸೇವೆಗಳ ಬಗ್ಗೆ ನಾಗಿಯೋಸ್ ಬೇರೆ ಬೇರೆ ಸಂದೇಶ ಕಳಿಸುವುದಿಲ್ಲ. ಒಂದು ಯಂತ್ರ ಸತ್ತರೆ ಇಪ್ಪತ್ತು ಎಸ್ಸೆಮ್ಮೆಸ್ ಬರಬಾರದು ಎಂಬ ಒಳ್ಳೆಯ ಉದ್ದೇಶದ ನಿಯಮ ಅದು. ಒಳ್ಳೆಯ ಎರಡು ನಿಯಮಗಳು ಸೇರಿ ಒಂದು ವಾರಾಂತ್ಯವನ್ನೇ ನುಂಗಿಹಾಕುತ್ತವೆ. ಮಾದರಿ ಫೈಲನ್ನು ದೂರಿ ಪ್ರಯೋಜನವಿಲ್ಲ, ಅದು ಕಲಿಯಲಿಕ್ಕೆಂದು ಕೊಟ್ಟದ್ದು. ಓದದೆ ಬಳಸಬೇಡಿ ಎಂಬುದಷ್ಟೇ ನಾನು ಕೇಳಿಕೊಳ್ಳುವುದು.

ಟೆಂಪ್ಲೇಟ್ ಆದ ಮೇಲೆ ಗುಂಪು. ಒಂದು ಚೆಕ್ಕನ್ನು ಒಂದು ಸರ್ವರ್‌ಗೆ ಅಂಟಿಸುವ ಬದಲು ಒಂದು ಹೋಸ್ಟ್ ಗ್ರೂಪಿಗೆ ಅಂಟಿಸಬಹುದು. ‘ವೆಬ್ ಸರ್ವರ್‌ಗಳು’ ಎಂಬ ಗುಂಪಿಗೆ ಎಚ್‌ಟಿಟಿಪಿ ಚೆಕ್, ‘ಡೇಟಾಬೇಸ್ ಸರ್ವರ್‌ಗಳು’ ಎಂಬ ಗುಂಪಿಗೆ ಡೇಟಾಬೇಸ್ ಚೆಕ್, ‘ಎಲ್ಲ ಲಿನಕ್ಸ್’ ಗುಂಪಿಗೆ ಡಿಸ್ಕ್, ಮೆಮೊರಿ, ಲೋಡ್. ಹೊಸ ಸರ್ವರ್ ಬಂದಾಗ ಅದರ ಹೆಸರು, ವಿಳಾಸ, ಯಾವ ಗುಂಪುಗಳಿಗೆ ಸೇರಿದ್ದು ಎಂದು ನಾಲ್ಕೈದು ಸಾಲು ಬರೆದರೆ ಮುಗಿಯಿತು. 4,800 ಸಾಲಿನ ಫೈಲು ಐದಾರು ನೂರಕ್ಕೆ ಇಳಿಯುತ್ತದೆ, ಓದುವಂತಾಗುತ್ತದೆ. ಇಸಿಂಗಾದ 2014ರ ಎರಡನೇ ಆವೃತ್ತಿ ಒಂದು ಹೆಜ್ಜೆ ಮುಂದೆ ಹೋಗಿ, ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಆಗಿರುವ ಎಲ್ಲದಕ್ಕೂ ಈ ಚೆಕ್ ಹಾಕು ಎಂದು ನಿಯಮವನ್ನೇ ಬರೆಯಲು ಬಿಟ್ಟಿತು. ಪ್ರೊಮಿಥಿಯಸ್‌ನಲ್ಲಿ ಲೇಬಲ್‌ಗಳು ಇದೇ ಕೆಲಸ ಮಾಡುತ್ತವೆ. ಹೆಸರುಗಳು ಬೇರೆ, ವಿಚಾರ ಒಂದೇ: ಒಂದು ಯಂತ್ರ ಏನು ಕೆಲಸ ಮಾಡುತ್ತದೆ ಎಂದು ಹೇಳಿದರೆ ಸಾಕು, ಅದಕ್ಕೆ ಯಾವ ಕಾವಲು ಬೇಕು ಎಂಬುದು ಅದರಿಂದಲೇ ಹೊರಡಬೇಕು.

ಗುಂಪಿನ ನಿಜವಾದ ಬೆಲೆ ತಿಳಿಯುವುದು ಮರೆತುಹೋಗುವ ಚೆಕ್‌ಗಳಲ್ಲಿ. ವೆಬ್‌ಸೈಟ್ ನಡೆಯುತ್ತಿದೆಯೇ ಎಂದು ನೋಡುವುದನ್ನು ಯಾರೂ ಮರೆಯುವುದಿಲ್ಲ. ಬ್ಯಾಕಪ್ ಆಗಿದೆಯೇ ಎಂದು ನೋಡುವುದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. 2017ರ ಜನವರಿ 31ರಂದು, ಪ್ರೋಗ್ರಾಮರುಗಳು ತಮ್ಮ ಕೋಡ್ ಇಡುವ ತಾಣವಾದ ಗಿಟ್‌ಲ್ಯಾಬ್ ಡಾಟ್ ಕಾಮ್‌ನಲ್ಲಿ ನಡೆದದ್ದನ್ನು ಆ ಕಂಪನಿಯೇ ಎಲ್ಲರೆದುರು ಬಿಚ್ಚಿಟ್ಟಿತು. ಅಂಥ ಪ್ರಾಮಾಣಿಕತೆ ನಮ್ಮ ಉದ್ಯಮದಲ್ಲಿ ಅಪರೂಪ, ಅದಕ್ಕೆ ಗೌರವ ಸಲ್ಲಬೇಕು. ತಡರಾತ್ರಿ ಡೇಟಾಬೇಸ್ ಸರಿಪಡಿಸುತ್ತಿದ್ದ ಎಂಜಿನಿಯರ್ ಎರಡನೇ ಸರ್ವರ್‌ನಲ್ಲಿದ್ದೇನೆಂದು ಭಾವಿಸಿ ಮುಖ್ಯ ಸರ್ವರ್‌ನ ಡೇಟಾ ಡೈರೆಕ್ಟರಿಯನ್ನು ಅಳಿಸಿದರು. ಕೆಲವೇ ಕ್ಷಣದಲ್ಲಿ ಗೊತ್ತಾಗಿ ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ಇದೆಯಲ್ಲ ಎಂದು ಹೋಗಿ ನೋಡಿದರೆ ಬ್ಯಾಕಪ್ ಇಡುವ ಜಾಗ ಖಾಲಿ. ಡೇಟಾಬೇಸ್ 9.6ನೇ ಆವೃತ್ತಿಯದು, ಬ್ಯಾಕಪ್ ತೆಗೆಯುವ ಪ್ರೋಗ್ರಾಂ 9.2ರದ್ದು ಓಡುತ್ತಿತ್ತು, ಹಾಗಾಗಿ ಪ್ರತಿಸಲವೂ ಅದು ಸೋಲುತ್ತಿತ್ತು. ಸೋತಿದ್ದೇನೆಂದು ಇಮೇಲ್ ಕಳಿಸುತ್ತಲೂ ಇತ್ತು. ಆ ಇಮೇಲುಗಳಿಗೆ ಸರಿಯಾದ ಸಹಿ ಇಲ್ಲವೆಂದು ಮೇಲ್ ವ್ಯವಸ್ಥೆ ತಿರಸ್ಕರಿಸುತ್ತಿತ್ತು. ಬೇರೆ ಕಾರಣಕ್ಕೆಂದು ಆರು ಗಂಟೆ ಮೊದಲು ತೆಗೆದಿಟ್ಟ ಒಂದು ಸ್ನ್ಯಾಪ್‌ಶಾಟ್ ಸಿಕ್ಕಿದ್ದರಿಂದ ಬಚಾವಾದರು. ಆ ಆರು ಗಂಟೆಯ ಡೇಟಾ ಮರಳಿ ಬರಲಿಲ್ಲ.

ಅಲ್ಲಿನ ತಪ್ಪು ಎಲ್ಲಿದೆ ನೋಡಿ. ಬ್ಯಾಕಪ್ ಸೋತರೆ ಬ್ಯಾಕಪ್ ಪ್ರೋಗ್ರಾಮೇ ಬಂದು ಹೇಳಲಿ ಎಂದು ಬಿಟ್ಟಿದ್ದರು. ಸೋತವನೇ ಬಂದು ಸುದ್ದಿ ಹೇಳಬೇಕೆಂದರೆ ಅವನ ಬಾಯಿ ಕಟ್ಟಿದ ದಿನ ನಮಗೆ ಕಾಣುವುದು ನೆಮ್ಮದಿ. ಮಾನಿಟರಿಂಗ್ ಇದನ್ನು ತಿರುವಿಹಾಕಿ ಕೇಳುತ್ತದೆ: ಕೊನೆಯ ಬ್ಯಾಕಪ್ ಫೈಲು ಎಷ್ಟು ಹಳೆಯದು, ಎಷ್ಟು ದೊಡ್ಡದು? ಫೈಲಿನ ವಯಸ್ಸನ್ನೂ ಗಾತ್ರವನ್ನೂ ನೋಡುವ ಸಣ್ಣ ಪ್ಲಗಿನ್ ನಾಗಿಯೋಸ್‌ನ ಸಾಮಾನ್ಯ ಕಟ್ಟಿನಲ್ಲೇ ಇದೆ. ದಿನಕ್ಕೊಂದು ಬ್ಯಾಕಪ್ ಇರುವ ಕಡೆ 26 ಗಂಟೆ ದಾಟಿದರೆ ಎಚ್ಚರಿಸು, ಗಾತ್ರ ಇಷ್ಟಕ್ಕಿಂತ ಕಡಿಮೆಯಾದರೂ ಎಚ್ಚರಿಸು ಎಂದು ‘ಡೇಟಾಬೇಸ್ ಸರ್ವರ್‌ಗಳು’ ಗುಂಪಿಗೆ ಒಮ್ಮೆ ಹಾಕಿಟ್ಟರೆ, ಮುಂದಿನ ವರ್ಷ ಯಾವುದೋ ಅವಸರದಲ್ಲಿ ಯಾರೋ ಸೇರಿಸುವ ಡೇಟಾಬೇಸ್ ಸರ್ವರ್‌ಗೂ ಆ ಕಾವಲು ತಾನಾಗಿ ಸಿಗುತ್ತದೆ. ಸೇರಿಸಿದವರಿಗೆ ಬ್ಯಾಕಪ್ ನೆನಪೇ ಇಲ್ಲದಿದ್ದರೂ ಮೊದಲ ದಿನವೇ ಕೆಂಪು ಬಣ್ಣ ಕಾಣಿಸುತ್ತದೆ. ಮನುಷ್ಯರ ನೆನಪಿನ ಮೇಲೆ ಭಾರ ಹಾಕದೆ ಇರುವುದು ಅಂದರೆ ಇದೇ.

ಎಸ್‌ಎಸ್‌ಎಲ್ ಪ್ರಮಾಣಪತ್ರದ್ದೂ ಇದೇ ಕತೆ. 2018ರ ಡಿಸೆಂಬರ್ 6ರಂದು ಎರಿಕ್ಸನ್ ಕಂಪನಿಯ ಉಪಕರಣಗಳ ತಂತ್ರಾಂಶದಲ್ಲಿ ಒಂದು ಪ್ರಮಾಣಪತ್ರದ ಅವಧಿ ಮುಗಿದು, ಬ್ರಿಟನ್ನಿನ ಓ2 ಮತ್ತು ಜಪಾನಿನ ಸಾಫ್ಟ್‌ಬ್ಯಾಂಕ್ ಜಾಲಗಳಲ್ಲಿ ಕೋಟಿಗಟ್ಟಲೆ ಜನರ ಮೊಬೈಲ್ ಸೇವೆ ಕೆಟ್ಟಿತು. ಅವಧಿ ಮುಗಿಯುವ ತಾರೀಕು ಪ್ರಮಾಣಪತ್ರದಲ್ಲೇ ಬರೆದಿರುತ್ತದೆ. ಇಷ್ಟು ಮುಂಚಿತವಾಗಿ ಗೊತ್ತಿರುವ ಆಪತ್ತು ನಮ್ಮ ಕ್ಷೇತ್ರದಲ್ಲಿ ಇನ್ನೊಂದಿಲ್ಲ.

ಹಿಂದೆ ಒಂದು ವರ್ಷ, ಎರಡು ವರ್ಷದ ಪ್ರಮಾಣಪತ್ರ ಕೊಳ್ಳುತ್ತಿದ್ದ ಕಾಲದಲ್ಲಿ 30 ದಿನ ಉಳಿದಾಗ ಎಚ್ಚರಿಸು ಎಂದು ಬರೆದರೆ ಸಾಕಾಗುತ್ತಿತ್ತು. ಲೆಟ್ಸ್ ಎನ್‌ಕ್ರಿಪ್ಟ್ ಉಚಿತವಾಗಿ ಕೊಡುವ 90 ದಿನದ ಪ್ರಮಾಣಪತ್ರವನ್ನು ನವೀಕರಿಸುವ ಪ್ರೋಗ್ರಾಮುಗಳು ಸಾಮಾನ್ಯವಾಗಿ 30 ದಿನ ಉಳಿದಾಗ ಕೆಲಸಕ್ಕೆ ಇಳಿಯುತ್ತವೆ. ಎಚ್ಚರಿಕೆಯೂ ಅದೇ 30ಕ್ಕೆ ಇದ್ದರೆ ಪ್ರತಿಸಲವೂ ಸುಮ್ಮನೆ ಒಂದು ಗಾಬರಿ. ಸುಮ್ಮನೆ ಬರುವ ಗಾಬರಿಗೆ ಜನ ಬೇಗ ಒಗ್ಗಿಹೋಗುತ್ತಾರೆ, ನಿಜವಾದದ್ದು ಬಂದಾಗಲೂ ಬೆರಳು ತಾನಾಗಿ ಅಳಿಸಿಬಿಡುತ್ತದೆ. ಅಲ್ಲಿ 20 ದಿನ ಎಂದಿಡುವುದು ಸರಿ, ನವೀಕರಣ ಹತ್ತು ದಿನದಿಂದ ಸೋಲುತ್ತಿದೆ ಎಂದು ಅದು ಹೇಳುತ್ತದೆ. ಅವಧಿ ಮುಗಿಯುತ್ತಿದೆ ಎಂದು ಇಮೇಲ್ ಕಳಿಸುವ ಸೇವೆಯನ್ನು ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲಿ ನಿಲ್ಲಿಸಿದೆ, ಅದನ್ನೇ ನಂಬಿಕೊಂಡವರಿಗೆ ಈಗ ತಮ್ಮದೇ ಚೆಕ್ ಬೇಕು. ಇದರ ಜೊತೆಗೆ ಪ್ರಮಾಣಪತ್ರ ನೀಡುವವರೂ ಬ್ರೌಸರ್ ಕಂಪನಿಗಳೂ ಸೇರಿ 2025ರ ಏಪ್ರಿಲ್‌ನಲ್ಲಿ ಒಪ್ಪಿದ ವೇಳಾಪಟ್ಟಿಯಂತೆ ಸಾರ್ವಜನಿಕ ಪ್ರಮಾಣಪತ್ರದ ಗರಿಷ್ಠ ಅವಧಿ 398 ದಿನದಿಂದ 2026ರ ಮಾರ್ಚ್ 15ಕ್ಕೆ 200ಕ್ಕೆ, 2027ರ ಮಾರ್ಚ್ 15ಕ್ಕೆ 100ಕ್ಕೆ, 2029ರ ಮಾರ್ಚ್ 15ಕ್ಕೆ 47ಕ್ಕೆ ಇಳಿಯುತ್ತದೆ. ಒಟ್ಟು 47 ದಿನದ ಆಯಸ್ಸಿನ ಪ್ರಮಾಣಪತ್ರಕ್ಕೆ 30 ದಿನದ ಎಚ್ಚರಿಕೆ ಇಟ್ಟರೆ ಅದರ ಬದುಕಿನ ಬಹುಪಾಲು ಹಳದಿಯಲ್ಲೇ ಕಳೆಯುತ್ತದೆ. ಆ ಸಂಖ್ಯೆಯನ್ನು ಇನ್ನು ಕೆಲವೇ ವರ್ಷಗಳಲ್ಲಿ ಎರಡು ಮೂರು ಸಲ ಬದಲಿಸಬೇಕಾಗುತ್ತದೆ. ಅದು ಒಂದು ಟೆಂಪ್ಲೇಟಿನಲ್ಲಿದ್ದರೆ ಎರಡು ನಿಮಿಷದ ಕೆಲಸ. ನೂರಾರು ಕಡೆ ಚದುರಿದ್ದರೆ ಯಾರೂ ಆ ಕೆಲಸಕ್ಕೆ ಕೈ ಹಾಕುವುದಿಲ್ಲ.

ಎಲ್ಲರಿಗೂ ಒಂದೇ ಸಂಖ್ಯೆ ಅನ್ವಯಿಸುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಡಿಸ್ಕಿನಲ್ಲಿ ಶೇಕಡ 10 ಉಳಿದಾಗ ಕೂಗು ಎನ್ನುತ್ತೇವೆ. 40 ಜಿಬಿಯ ಡಿಸ್ಕಿನಲ್ಲಿ ಅದು 4 ಜಿಬಿ, ಒಂದು ಕೆಟ್ಟ ರಾತ್ರಿಗೆ ಮುಗಿದುಹೋಗುವಷ್ಟು. 8 ಟಿಬಿಯ ಡಿಸ್ಕಿನಲ್ಲಿ ಅದೇ ಶೇಕಡ 10 ಎಂದರೆ 800 ಜಿಬಿ, ಎಷ್ಟೋ ಕಡೆ ಒಂದು ವರ್ಷಕ್ಕೂ ಸಾಕು. ಲೋಡ್ ಆವರೇಜಿನದೂ ಹಾಗೇ. ಮಾದರಿ ಫೈಲಿನಲ್ಲಿ ಒಂದು ನಿಮಿಷದ ಲೋಡ್ 5 ದಾಟಿದರೆ ಎಚ್ಚರಿಕೆ, 10 ದಾಟಿದರೆ ಗಂಭೀರ. ಎರಡು ಕೋರ್‌ನ ಸಣ್ಣ ಯಂತ್ರಕ್ಕೆ 5 ಎಂದರೆ ಏದುಸಿರು. 64 ಕೋರ್‌ನ ಯಂತ್ರಕ್ಕೆ 10 ಲೆಕ್ಕಕ್ಕೇ ಇಲ್ಲ. ಲೋಡನ್ನು ಕೋರ್‌ಗಳ ಸಂಖ್ಯೆಯಿಂದ ಭಾಗಿಸಿ ನೋಡುವ ಸೌಲಭ್ಯ ಲೋಡ್ ಅಳೆಯುವ ಪ್ಲಗಿನ್‌ನಲ್ಲೇ ಇದೆ, ಅದನ್ನು ಟೆಂಪ್ಲೇಟಿನಲ್ಲಿ ಒಮ್ಮೆ ಹಾಕಿದರೆ ಅರ್ಧ ತಕರಾರು ಮುಗಿಯುತ್ತದೆ. ಉಳಿದದ್ದಕ್ಕೆ ವೇರಿಯಬಲ್‌ಗಳಿವೆ. ನಾಗಿಯೋಸ್‌ನಲ್ಲಿ ಹೋಸ್ಟ್‌ಗೆ ನಮ್ಮದೇ ವೇರಿಯಬಲ್ ಸೇರಿಸಬಹುದು. ಟೆಂಪ್ಲೇಟಿನಲ್ಲಿ ಡಿಸ್ಕಿನ ಮಿತಿ ಶೇಕಡ 10 ಎಂದಿಟ್ಟು, ಚೆಕ್ ಆ ವೇರಿಯಬಲ್ಲನ್ನು ಓದುವ ಹಾಗೆ ಬರೆದು, ದೊಡ್ಡ ಡಿಸ್ಕಿನ ಒಂದು ಸರ್ವರ್‌ನಲ್ಲಿ ಮಾತ್ರ ಶೇಕಡ 3 ಎಂದು ಒಂದು ಸಾಲು ಹಾಕಿದರಾಯಿತು. ಚೆಕ್ಕನ್ನು ಮುಟ್ಟಬೇಕಿಲ್ಲ. ಆ ಸರ್ವರ್‌ನ ಫೈಲು ತೆರೆದವರಿಗೆ ಇದು ಉಳಿದವುಗಳಿಗಿಂತ ಎಲ್ಲಿ ಬೇರೆ ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಸಾಮಾನ್ಯವಾದದ್ದು ಟೆಂಪ್ಲೇಟಿನಲ್ಲಿ, ವಿಶೇಷವಾದದ್ದು ಸರ್ವರ್‌ನಲ್ಲಿ ಎಂಬ ವಿಂಗಡಣೆ ಇರುವ ಫೈಲನ್ನು ಹೊಸಬರು ಒಂದು ಮಧ್ಯಾಹ್ನದಲ್ಲಿ ಓದಿ ಅರ್ಥ ಮಾಡಿಕೊಳ್ಳುತ್ತಾರೆ.

ಜ್ಯಾಬಿಕ್ಸ್ ಈ ವಿಷಯದಲ್ಲಿ ಹೆಚ್ಚು ಹದವಾಗಿದೆ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಟೆಂಪ್ಲೇಟ್ ಎಂದರೆ ಏನನ್ನು ಅಳೆಯಬೇಕು, ಎಷ್ಟಾದರೆ ತೊಂದರೆ, ಯಾವ ಗ್ರಾಫ್ ತೋರಿಸಬೇಕು ಎಲ್ಲವೂ ಸೇರಿದ ಒಂದು ಗಂಟು. ಸಿದ್ಧಗೊಂಡ ಲಿನಕ್ಸ್ ಟೆಂಪ್ಲೇಟಿನಲ್ಲಿ ಡಿಸ್ಕ್ ಶೇಕಡ 80 ತುಂಬಿದರೆ ಎಚ್ಚರಿಕೆ, 90ಕ್ಕೆ ಗಂಭೀರ ಎಂದಿದೆ. ಈ ಎರಡು ಸಂಖ್ಯೆಗಳೂ ಮ್ಯಾಕ್ರೋಗಳಲ್ಲಿರುತ್ತವೆ. ಸರ್ವರ್ ಮಟ್ಟದಲ್ಲಿ ಬರೆದ ಮ್ಯಾಕ್ರೋ ಮೊದಲು, ಅದಿಲ್ಲದಿದ್ದರೆ ಟೆಂಪ್ಲೇಟಿನದು, ಅದೂ ಇಲ್ಲದಿದ್ದರೆ ಎಲ್ಲರಿಗೂ ಸಾಮಾನ್ಯವಾದದ್ದು. ಒಂದು ಸರ್ವರ್‌ನ ಒಂದೇ ಒಂದು ಪಾರ್ಟಿಷನ್ನಿಗೆ ಬೇರೆ ಮಿತಿ ಬೇಕೆಂದರೂ ಮ್ಯಾಕ್ರೋದ ಪಕ್ಕದಲ್ಲಿ ಆ ಪಾರ್ಟಿಷನ್ನಿನ ಹೆಸರು ಬರೆದರಾಯಿತು. ಯಾವ ಸರ್ವರ್‌ನಲ್ಲಿ ಎಷ್ಟು ಪಾರ್ಟಿಷನ್ ಇವೆ ಎಂದು ನಾವು ಪಟ್ಟಿ ಮಾಡಿಕೊಡಬೇಕಿಲ್ಲ, ಅದೇ ಹೋಗಿ ಹುಡುಕಿಕೊಳ್ಳುತ್ತದೆ, ಹೊಸ ಡಿಸ್ಕ್ ಸೇರಿಸಿದರೆ ತಾನಾಗಿ ನಿಗಾ ಶುರು ಮಾಡುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಸರ್ವರ್‌ನಿಂದ ಟೆಂಪ್ಲೇಟ್ ಬಿಡಿಸುವಾಗ ಎರಡು ಗುಂಡಿಗಳಿರುತ್ತವೆ. ‘ಅನ್‌ಲಿಂಕ್’ ಒತ್ತಿದರೆ ಸಂಬಂಧ ಮಾತ್ರ ಕಡಿಯುತ್ತದೆ, ಚೆಕ್‌ಗಳೂ ಹಳೆಯ ಮಾಹಿತಿಯೂ ಸರ್ವರ್‌ನಲ್ಲೇ ಉಳಿಯುತ್ತವೆ. ‘ಅನ್‌ಲಿಂಕ್ ಆ್ಯಂಡ್ ಕ್ಲಿಯರ್’ ಒತ್ತಿದರೆ ವರ್ಷಗಳ ಇತಿಹಾಸವೂ ಹೋಗುತ್ತದೆ. ಅವಸರದಲ್ಲಿರುವ ದಿನ ಆ ಪುಟಕ್ಕೆ ಹೋಗಬೇಡಿ.

ಟೆಂಪ್ಲೇಟಿನ ರುಚಿ ಹತ್ತಿದವರು ಮಾಡುವ ಅತಿರೇಕವೂ ಒಂದಿದೆ. ಟೆಂಪ್ಲೇಟಿನ ಮೇಲೆ ಟೆಂಪ್ಲೇಟ್, ಅದರ ಮೇಲೆ ಇನ್ನೊಂದು, ಹೀಗೆ ಐದಾರು ಅಂತಸ್ತು ಕಟ್ಟುತ್ತಾರೆ. ನಾಗಿಯೋಸ್‌ನಲ್ಲಿ ಒಂದು ಚೆಕ್ ಎರಡು ಮೂರು ಟೆಂಪ್ಲೇಟುಗಳಿಂದ ಒಟ್ಟಿಗೆ ಪಡೆಯಬಹುದು. ಒಂದೇ ಸಾಲು ಎರಡರಲ್ಲೂ ಇದ್ದರೆ ಮೊದಲು ಬರೆದ ಟೆಂಪ್ಲೇಟಿನದು ನಿಲ್ಲುತ್ತದೆ. ಸಂಪರ್ಕ ಪಟ್ಟಿಯ ಮುಂದೆ ಪ್ಲಸ್ ಚಿಹ್ನೆ ಹಾಕಿದರೆ ಮೇಲಿನವರ ಜೊತೆ ಇವರನ್ನೂ ಸೇರಿಸು ಎಂದಾಗುತ್ತದೆ, ‘ನಲ್’ ಎಂದು ಬರೆದರೆ ಮೇಲಿನಿಂದ ಬಂದದ್ದು ಬೇಡ ಎಂದಾಗುತ್ತದೆ. ಇವೆಲ್ಲ ಬೇಕಾದ ಸೌಲಭ್ಯಗಳೇ. ಆದರೆ ರಾತ್ರಿ ಎರಡು ಗಂಟೆಗೆ ಫೋನು ಬಡಿದು ಎದ್ದವರು, ಈ ಎಚ್ಚರಿಕೆ ಯಾಕೆ ನನಗೆ ಬಂತು ಎಂದು ತಿಳಿಯಲು ಆರು ಫೈಲು ತೆರೆದು ಯಾವುದು ಯಾವುದನ್ನು ಗೆದ್ದಿತು ಎಂದು ಲೆಕ್ಕ ಹಾಕಬೇಕಾದರೆ ನಾವು ಅವರಿಗೆ ಅನ್ಯಾಯ ಮಾಡಿದ್ದೇವೆ. ಎಲ್ಲಕ್ಕೂ ತಳಹದಿಯಾಗಿ ಒಂದು, ಕೆಲಸಕ್ಕೆ ತಕ್ಕಂತೆ ಅದರ ಮೇಲೆ ಒಂದು, ಎರಡೇ ಅಂತಸ್ತು ಸಾಕು. ಮೂರನೆಯದು ಬೇಕೆನಿಸಿದರೆ ಬಹುಶಃ ನಿಮಗೆ ಬೇಕಿರುವುದು ಒಂದು ವೇರಿಯಬಲ್.

ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ಕೂತು ಅಮೆರಿಕದ ಸರ್ವರ್‌ಗಳನ್ನು ಕಾಯುವ ಕನ್ನಡದ ಹುಡುಗರು, ಹುಡುಗಿಯರು ಬಹಳ ಜನ ಇದ್ದಾರೆ. ಅವರ ಮಟ್ಟಿಗೆ ಇನ್ನೊಂದು ಟೆಂಪ್ಲೇಟ್ ಮುಖ್ಯ, ಕಾಲಾವಧಿಯದು. ನ್ಯೂಯಾರ್ಕಿನ ಬೆಳಿಗ್ಗೆ 9ರಿಂದ ಸಂಜೆ 5 ಎಂದರೆ ಬೇಸಿಗೆಯಲ್ಲಿ ನಮ್ಮ ಸಂಜೆ 6.30ರಿಂದ ನಸುಕಿನ 2.30. ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಅದು ಸಂಜೆ 7.30ರಿಂದ 3.30 ಆಗುತ್ತದೆ, ಮಾರ್ಚ್‌ನಲ್ಲಿ ಮತ್ತೆ ಮೊದಲಿನಂತೆ. ಈ ಗಂಟೆಗಳನ್ನು ಪ್ರತಿ ಚೆಕ್‌ನಲ್ಲೂ ಬರೆದಿಟ್ಟರೆ ವರ್ಷಕ್ಕೆ ಎರಡು ಸಲ ಒಂದು ಗಂಟೆಯ ಕಂದಕ ಬೀಳುತ್ತದೆ. ಒಂದು ಪಾಳಿಯವರು ಹೊರಟಿರುತ್ತಾರೆ, ಇನ್ನೊಂದು ಪಾಳಿಯವರ ಹೆಸರಿಗೆ ಅಲರ್ಟ್ ಬರುತ್ತಿರುವುದಿಲ್ಲ. ‘ಗ್ರಾಹಕರ ಕಚೇರಿ ವೇಳೆ’ ಎಂದು ಹೆಸರಿಟ್ಟ ಒಂದೇ ಅವಧಿಯನ್ನು ಎಲ್ಲ ಟೆಂಪ್ಲೇಟುಗಳೂ ಬಳಸಿದರೆ ಬದಲಾಯಿಸುವ ಜಾಗ ಒಂದೇ. ಯಾರನ್ನು ಎಬ್ಬಿಸಬೇಕು ಎಂಬುದೂ ಅಷ್ಟೇ. ಚೆಕ್‌ನಲ್ಲಿ ವ್ಯಕ್ತಿಯ ಹೆಸರು ಇರಲೇಬಾರದು, ತಂಡದ ಹೆಸರಿರಬೇಕು. ಈ ವಾರ ಆ ತಂಡದಲ್ಲಿ ಯಾರ ಸರದಿ ಎಂಬುದು ಬೇರೆ ಕಡೆ ಇರಲಿ. ಒಬ್ಬರ ನಿದ್ದೆ ಇದರ ಮೇಲೆ ನಿಂತಿದೆ ಎಂಬ ಕಾಳಜಿಯಿಂದ ಬರೆಯಬೇಕಾದ ಸಾಲುಗಳಿವು.

ಪ್ರತಿ ಸಂಖ್ಯೆಯ ಪಕ್ಕದಲ್ಲಿ ಕಾರಣ ಬರೆಯಿರಿ. 26 ಗಂಟೆ ಯಾಕೆ? ಬ್ಯಾಕಪ್ ರಾತ್ರಿ ಒಂದಕ್ಕೆ ಶುರುವಾಗಿ ಕೆಲವು ದಿನ ಎರಡು ಗಂಟೆ ಹಿಡಿಯುತ್ತದೆ, ಅದಕ್ಕೆ. ಟಿಪ್ಪಣಿ ಸಾಲುಗಳನ್ನು ತಂತ್ರಾಂಶ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅವು ಮನುಷ್ಯರಿಗಾಗಿ ಇರುವಂಥವು. ತಂಡದಲ್ಲಿ ಎಲ್ಲರೂ ಕನ್ನಡ ಓದುವವರಾದರೆ ಕನ್ನಡದಲ್ಲೇ ಬರೆಯಬಹುದು.

ಒಂದು ಸಾಲು ಬದಲಿಸಿದರೆ ಅರವತ್ತು ಸರ್ವರ್‌ಗೆ ತಾಗುತ್ತದೆ ಎಂಬುದು ಟೆಂಪ್ಲೇಟಿನ ಬಲ, ಅದೇ ಅದರ ಅಪಾಯ. ಕಾನ್ಫಿಗ್ ಫೈಲುಗಳನ್ನು ಗಿಟ್‌ನಲ್ಲಿಟ್ಟರೆ ಯಾರು ಯಾವತ್ತು ಏನು ಬದಲಿಸಿದರು ಎಂಬುದು ಉಳಿಯುತ್ತದೆ. ನಾಗಿಯೋಸ್ ಮರುಚಾಲೂ ಮಾಡುವ ಮೊದಲು ಅದರ ಪರಿಶೀಲನೆಯ ಕಮಾಂಡ್ ಓಡಿಸಿದರೆ ಕಾಗುಣಿತದ ತಪ್ಪು, ಇಲ್ಲದ ಗುಂಪಿನ ಹೆಸರು ಸಿಕ್ಕಿಬೀಳುತ್ತವೆ. 90 ಎಂದು ಬರೆಯಬೇಕಾದಲ್ಲಿ 9 ಎಂದು ಬರೆದಿದ್ದರೆ ಅದಕ್ಕೆ ತಿಳಿಯುವುದಿಲ್ಲ, ಎರಡೂ ಸಂಖ್ಯೆಗಳೇ. ಇದಕ್ಕೆ ಬಹಳ ಜನ ಬಳಸದ ಒಂದು ದಾರಿ ಇದೆ. ಅದೇ ಪರಿಶೀಲನೆಯನ್ನು ‘ಪ್ರೀಕ್ಯಾಶ್’ ಆಯ್ಕೆಯೊಂದಿಗೆ ಓಡಿಸಿದರೆ ನಾಗಿಯೋಸ್ ಎಲ್ಲ ಟೆಂಪ್ಲೇಟುಗಳನ್ನೂ ಗುಂಪುಗಳನ್ನೂ ಬಿಡಿಸಿ, ಪ್ರತಿ ಸರ್ವರ್‌ನ ಪ್ರತಿ ಚೆಕ್ ಕೊನೆಗೆ ಏನಾಯಿತು ಎಂದು ಪೂರ್ತಿಯಾಗಿ ಒಂದು ಫೈಲಿನಲ್ಲಿ ಬರೆದುಕೊಡುತ್ತದೆ. ಬದಲಾವಣೆಗೆ ಮೊದಲೊಂದು ಪ್ರತಿ, ಆಮೇಲೊಂದು ಪ್ರತಿ ತೆಗೆದು ಎರಡರ ವ್ಯತ್ಯಾಸ ನೋಡಿ. ಹನ್ನೆರಡು ವೆಬ್ ಸರ್ವರ್‌ಗಳಿಗೆಂದು ಮಾಡಿದ ತಿದ್ದುಪಡಿ ಅಲ್ಲಿ ಹನ್ನೆರಡು ಕಡೆ ಕಾಣಬೇಕು. ಅರವತ್ತು ಕಡೆ ಕಂಡರೆ ನೀವು ತಿದ್ದಿದ್ದು ತಳಹದಿಯ ಟೆಂಪ್ಲೇಟನ್ನು. ರೀಲೋಡ್ ಮಾಡಬೇಡಿ, ಮೊದಲು ಆ ಸಾಲನ್ನು ವೆಬ್ ಸರ್ವರ್‌ಗಳ ಟೆಂಪ್ಲೇಟಿಗೆ ಸಾಗಿಸಿ.